ಸೆಕುಂಡಿಗ್ರಾವಿಡಾ: ಎಷ್ಟನೆಯ ಬಸಿರು ಎಂದು ಕೇಳುವವರಿಗೆ

ಹೆರಿಗೆ ವಾರ್ಡಿಗೆ ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಸೆಕುಂಡಿಗ್ರಾವಿಡಾ ಎಂಬ ಪದವನ್ನು ಪಠ್ಯದಲ್ಲಿ ಒಮ್ಮೆ ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆತಿರುತ್ತಾರೆ. ಈಗ ಎಲ್ಲರೂ ‘ಜಿ ಟೂ’ ಅನ್ನುತ್ತಾರೆ. ಎರಡನೆಯ ಸಲ ಬಸುರಿಯಾದವಳು ಎಂದು ಅದರ ಅರ್ಥ. ಮೊದಲ ಸಲದವಳು ಪ್ರೈಮಿಗ್ರಾವಿಡಾ, ಮೂರನೆಯ ಸಲದವಳು ಟರ್ಶಿಗ್ರಾವಿಡಾ. ಎರಡನೆಯ ಹೆರಿಗೆಯವಳು ಎಂದು ಅರ್ಥವಲ್ಲ, ಎರಡು ಮಕ್ಕಳ ತಾಯಿ ಎಂದಂತೂ ಅಲ್ಲವೇ ಅಲ್ಲ. ಹೊಟ್ಟೆಯಲ್ಲಿ ಜೀವ ನಿಂತದ್ದು ಇದು ಎಷ್ಟನೆಯ ಸಲ, ಅಷ್ಟೇ ಆ ಪದ ಹೇಳುವುದು. ನಿಂತದ್ದು ಉಳಿಯಿತೋ, ಹೋಯಿತೋ, ತೆಗೆಸಬೇಕಾಯಿತೋ ಎಂಬುದನ್ನು ಅದು ಹೇಳುವುದಿಲ್ಲ. ಯಾರದು ಎಂಬುದನ್ನು ಕೇಳುವುದೂ ಇಲ್ಲ.

ಇಷ್ಟು ಸಣ್ಣ ವಿಷಯ. ಇದನ್ನು ನಮ್ಮ ಆಸ್ಪತ್ರೆಗಳು ಹೇಗೆ ಬಳಸುತ್ತವೆ ಎಂಬುದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ತಣ್ಣಗೆ ಬರೆಯಬೇಕೆಂದು ಎರಡು ಸಲ ಪ್ರಯತ್ನಿಸಿದೆ. ಆಗಲಿಲ್ಲ. ಹಾಗಾಗಿ ಉರಿಯುತ್ತಲೇ ಬರೆಯುತ್ತೇನೆ.

ನಾನು ಚಾಮರಾಜಪೇಟೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಅಲ್ಲಿಯೇ ನಿವೃತ್ತಳಾದವಳು. ಆಸ್ಪತ್ರೆಯ ಹೆಸರು ಬೇಡ. ಇಲ್ಲಿ ಬರುವವರ ಹೆಸರುಗಳನ್ನೂ ಬದಲಾಯಿಸಿದ್ದೇನೆ. ನಡುವೆ ಬಡ್ತಿ ಸಿಕ್ಕಿತು, ಬಿಳಿ ಸೀರೆ ಹೋಗಿ ಮೇಲೊಂದು ಕೋಟು ಬಂತು. ಅದೆಲ್ಲ ಯಾರಿಗೆ ಬೇಕು.

ನನಗೆ ಈ ಪದಗಳನ್ನು ಕಲಿಸಿದವರು ನಮ್ಮ ಮೇಟ್ರನ್ ಗ್ರೇಸಮ್ಮ. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಹೊಸಬರನ್ನು ಸಾಲಾಗಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು.

“ಮೊದಲ ಬಸಿರಲ್ಲೇ ಅವಳಿ ಮಕ್ಕಳಾಗಿವೆ. ಈಗ ಮತ್ತೆ ಬಸುರಿ. ಏನಂತ ಬರೀತೀಯ?”

“ಥರ್ಡ್ ಗ್ರಾವಿಡಾ, ಮೇಡಂ.”

“ಮಕ್ಕಳನ್ನ ಎಣಿಸ್ಬೇಡ ಕಣೇ, ಬಸಿರನ್ನ ಎಣಿಸು. ಸೆಕುಂಡಿ.”

ಇನ್ನೊಂದು ವಿಷಯದಲ್ಲಿ ಆಕೆ ಇದಕ್ಕಿಂತ ಕಟ್ಟುನಿಟ್ಟು. ಎಷ್ಟನೆಯ ಬಸಿರು ಎಂದು ಕೇಳುವಾಗ ಆ ಕೋಣೆಯಲ್ಲಿ ಬಸುರಿ ಮತ್ತು ಕೇಳುವವಳು ಇಬ್ಬರೇ ಇರಬೇಕು. ತಾಯಿ ಹೊರಗೆ, ಅತ್ತೆ ಹೊರಗೆ, ಗಂಡ ಗೇಟಿನ ಹತ್ತಿರ. ಬಾಗಿಲು ಹಾಕಿರಬೇಕು. ನಾವೆಲ್ಲ ಅದನ್ನು ಮುದುಕಿಯ ಹಟ ಅಂದುಕೊಂಡಿದ್ದೆವು. ಆಕೆ ನಿವೃತ್ತರಾದ ಮೇಲೆ ಆಡಳಿತದವರು ಆ ಸಣ್ಣ ಕೋಣೆಗಳ ಗೋಡೆ ಒಡೆಸಿ ದೊಡ್ಡ ಹಾಲ್ ಮಾಡಿಸಿದರು. ಗಾಳಿ ಬೆಳಕು ಚೆನ್ನಾಗಿ ಬಂತು. ಸಾಲಾಗಿ ಮೇಜು, ಪ್ರತಿ ಮೇಜಿಗೆ ಒಬ್ಬ ಡಾಕ್ಟರು, ಎದುರಿಗೆ ಬೆಂಚು, ಬೆಂಚಿನ ತುಂಬ ಬಸುರಿಯರು, ಅವರ ಹಿಂದೆ ಮನೆಮಂದಿಯೆಲ್ಲ. ಉದ್ಘಾಟನೆಯ ದಿನ ನಮಗೆಲ್ಲ ಮೈಸೂರುಪಾಕು ಹಂಚಿದರು. ಬಾಗಿಲು ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಆ ಹಾಲಿನಲ್ಲಿಯೇ ನಡೆದದ್ದು ಒಂದು ಹೇಳುತ್ತೇನೆ. ಹೊಸದಾಗಿ ಬಂದಿದ್ದ ಒಬ್ಬಳು ಚಿಕ್ಕ ಡಾಕ್ಟರು ಒಬ್ಬ ಹೆಂಗಸಿನ ಚೀಟಿ ನೋಡಿದಳು. ನಾಲ್ಕನೆಯ ಗ್ರಾವಿಡಾ ಎಂದಿತ್ತು. ಕುಟುಂಬ ಯೋಜನೆಯ ಹೆಸರಿನಲ್ಲಿ ಮೇಲಿನವರು ದಿನಾ ತಲೆ ತಿನ್ನುತ್ತಿದ್ದ ಕಾಲ ಅದು. ಹುಡುಗಿ ತಲೆ ಎತ್ತದೆಯೇ ಶುರು ಮಾಡಿದಳು.

“ನಾಲ್ಕನೇದಾ? ಇನ್ನೂ ಎಷ್ಟು ಬೇಕಮ್ಮ ನಿನಗೆ? ಈ ಸಲ ಹೆರಿಗೆ ಜೊತೇಲೇ ಆಪರೇಷನ್ ಮಾಡಿಸ್ಕೊಂಡು ಹೋಗು. ನಿನ್ನ ಗಂಡನ ಸಹಿ ಬೇಕು, ಕರೆಸು.”

ಬೆಂಚಿನ ಮೇಲಿದ್ದ ಇಬ್ಬರು ನಕ್ಕರು. ಆಮೇಲೆ ಆ ಹೆಂಗಸು ಮೆಲ್ಲಗೆ ಹೇಳಿದಳು: “ನಾಲ್ಕನೇದು ಹೌದು ಮೇಡಂ. ಮನೇಲಿ ಒಂದೂ ಇಲ್ಲ.”

ನಗುತ್ತಿದ್ದವರು ನಿಲ್ಲಿಸಿದರು. ಡಾಕ್ಟರ ಮುಖ ಕೆಂಪಾಯಿತು. ಆದರೆ ಕ್ಷಮಿಸಿ ಅನ್ನಲಿಲ್ಲ. “ಮೊದಲೇ ಹೇಳ್ಬೇಕಲ್ವಾ” ಅಂದಳು. ಚೀಟಿಯಲ್ಲಿ ಗ್ರಾವಿಡಾ ಪಕ್ಕದಲ್ಲಿಯೇ ಬದುಕಿರುವ ಮಕ್ಕಳು ಸೊನ್ನೆ ಎಂದು ಬರೆದಿತ್ತು. ಓದಿರಲಿಲ್ಲ. ನಮ್ಮಲ್ಲಿ ತಪ್ಪು ಯಾರದ್ದೇ ಇರಲಿ, ಮೊದಲೇ ಹೇಳಬೇಕಿದ್ದವಳು ಯಾವಾಗಲೂ ಬಸುರಿಯೇ.

ಇನ್ನು ರೂಪಾಳ ವಿಷಯ. ಇದನ್ನು ಬರೆಯುವುದಕ್ಕಾಗಿಯೇ ನಾನು ಕುಳಿತದ್ದು.

ರೂಪಾ ತ್ಯಾಗರಾಜನಗರದ ಹುಡುಗಿ. ನಾನೂ ಅಲ್ಲಿಯೇ ಇರುವುದರಿಂದ ಬಂದ ದಿನವೇ ತವರಿನ ವಿಳಾಸ ನೋಡಿ ಮಾತಾಡಿಸಿದ್ದೆ. ತಂದೆ ಇರಲಿಲ್ಲ. ತಾಯಿ ಸರೋಜಮ್ಮ ಒಂದು ಶಾಲೆಯಲ್ಲಿ ಗುಮಾಸ್ತೆ. ಅವೆನ್ಯೂ ರಸ್ತೆಯಲ್ಲಿ ಮೂರು ತಲೆಮಾರಿನಿಂದ ಸಗಟು ಸ್ಟೇಷನರಿ ಅಂಗಡಿ ಇಟ್ಟುಕೊಂಡ ಮನೆಗೆ ರೂಪಾ ಸೊಸೆಯಾಗಿ ಹೋಗಿದ್ದಳು. ಗಂಡ ಗಿರೀಶ ಅಂಗಡಿ ನೋಡಿಕೊಳ್ಳುತ್ತಿದ್ದ. ಅತ್ತೆ ನಾಗರತ್ನಮ್ಮ ಮನೆಯನ್ನೂ ಅಂಗಡಿಯನ್ನೂ ಎರಡನ್ನೂ ನೋಡಿಕೊಳ್ಳುತ್ತಿದ್ದರು. ದಪ್ಪ ಕನ್ನಡಕ, ಹಣೆಯಲ್ಲಿ ವಿಭೂತಿ, ಚುರುಕು ಮಾತು. ಕೆಟ್ಟವರಲ್ಲ. ಸೊಸೆಯನ್ನು ಪ್ರತಿ ಸಲ ತಾವೇ ಆಟೋದಲ್ಲಿ ಕರೆದುಕೊಂಡು ಬರುತ್ತಿದ್ದರು. ಬಸವನಗುಡಿಯ ಛತ್ರವೊಂದರಲ್ಲಿ ಸೀಮಂತಕ್ಕೆ ದಿನ ಗೊತ್ತುಮಾಡಿದ್ದರು. ನನಗೂ “ಬರ್ಬೇಕು ಸಿಸ್ಟರ್, ತಪ್ಪಿಸಬಾರದು” ಎಂದು ಹೇಳಿದ್ದರು.

ರೂಪಾಳ ರಕ್ತದ ಗುಂಪು ನೆಗೆಟಿವ್. ಇಂಥವರಲ್ಲಿ ಏನಾಗುತ್ತದೆಂದು ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಾಯಿಯದು ನೆಗೆಟಿವ್, ಹೊಟ್ಟೆಯಲ್ಲಿರುವ ಮಗುವಿನದು ಪಾಸಿಟಿವ್ ಆಗಿದ್ದರೆ, ಮೊದಲ ಬಸಿರು ಮುಗಿಯುವಾಗ ಮಗುವಿನ ರಕ್ತ ಒಂದಿಷ್ಟು ತಾಯಿಯ ಮೈಗೆ ಸೇರುತ್ತದೆ. ತಾಯಿಯ ಮೈ ಅದನ್ನು ಶತ್ರು ಎಂದು ಗುರುತು ಇಟ್ಟುಕೊಳ್ಳುತ್ತದೆ. ಮುಂದಿನ ಬಸಿರಿನಲ್ಲಿ ಮಗುವಿನ ರಕ್ತವನ್ನು ಒಡೆಯಲು ಶುರು ಮಾಡುತ್ತದೆ. ಮೊದಲನೆಯದು ಮುಗಿದ ಕೂಡಲೇ, ಅದು ಹೆರಿಗೆಯಿರಲಿ ಗರ್ಭಪಾತವಿರಲಿ, ಒಂದು ಇಂಜೆಕ್ಷನ್ ಕೊಟ್ಟರೆ ತಡೆಯಬಹುದು. ಹಾಗಾಗಿ ಇಂಥವಳಿಗೆ ಇದು ಮೊದಲನೆಯದೋ ಎರಡನೆಯದೋ ಎಂಬುದು ಮಗುವಿನ ಜೀವದ ಪ್ರಶ್ನೆ. ಸೆಕುಂಡಿಗ್ರಾವಿಡಾ ಎಂಬ ಪದ ಇರುವುದೇ ಇಂಥದ್ದಕ್ಕೆ. ಎಚ್ಚರಿಸುವುದಕ್ಕೆ.

ರೂಪಾ ಹೆಸರು ಬರೆಸುವಾಗ ಮೊದಲನೆಯದು ಎಂದಿದ್ದಳು. ಪಕ್ಕದಲ್ಲಿ ಅತ್ತೆ ನಿಂತಿದ್ದರು. ಅವಳ ಮೈಯಲ್ಲಿ ಅಂಥ ಗುರುತು ಆಗಲೇ ಮೂಡಿದೆ ಎಂದು ರಕ್ತಪರೀಕ್ಷೆ ಹೇಳಿತು. ನಾವು ದೊಡ್ಡ ಮೇಡಂ ಎಂದು ಕರೆಯುತ್ತಿದ್ದ ನಮ್ಮ ಹಿರಿಯ ಡಾಕ್ಟರು ವರದಿ ನೋಡಿದರು. ಅವರ ಕೈಗುಣದ ಬಗ್ಗೆ ಒಂದು ಮಾತು ಆಡುವಂತಿಲ್ಲ. ಅಡ್ಡ ತಿರುಗಿದ ಮಗುವನ್ನು ಹೊರಗಿನಿಂದ ಕೈಯಲ್ಲಿ ಸವರಿಯೇ ನೇರ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೂಪಾಳ ವರದಿಯಲ್ಲಿ ಅವರು ಕಂಡದ್ದೂ ಸರಿಯೇ ಇತ್ತು. ಅವರು ಅದನ್ನು ಎಲ್ಲಿ ಹೇಳಿದರು ಎಂಬುದೇ ನನ್ನ ತಕರಾರು.

“ಮುಂಚೆ ಯಾವಾಗಾದ್ರೂ ರಕ್ತ ಹಾಕಿದ್ರಾ?”

“ಇಲ್ಲ ಮೇಡಂ.”

“ಬಸುರಿ ಆಗಿದ್ಯಾ?”

ರೂಪಾ ಅತ್ತೆಯ ಕಡೆ ನೋಡಲಿಲ್ಲ. ಹಿಂದೆ ನಿಂತಿದ್ದ ಗಂಡನ ಕಡೆ ನೋಡಿದಳು. ಅದು ಯಾಕೆಂದು ನನಗೆ ಆಗ ಹೊಳೆಯಲಿಲ್ಲ. ಗಿರೀಶ ಫೋನಿನಲ್ಲಿ ಏನೋ ನೋಡುತ್ತಿದ್ದ.

“ಇಲ್ಲ ಮೇಡಂ. ಇದೇ ಮೊದಲು.”

“ಹಾಗಾದ್ರೆ ಇದು ಎಲ್ಲಿಂದ ಬಂತಮ್ಮ? ಗಾಳೀಲಿ ಬರಲ್ಲ ಇದು.” ಆಮೇಲೆ ನನ್ನ ಕಡೆ ತಿರುಗಿ, ಇಡೀ ಹಾಲಿಗೆ ಕೇಳುವಂತೆ ಹೇಳಿದರು: “ಸಿಸ್ಟರ್, ಪ್ರೈಮಿ ಅಂತ ಇರೋದನ್ನ ಹೊಡೆದುಹಾಕಿ. ಸೆಕುಂಡಿಗ್ರಾವಿಡಾ. ಎರಡು ವಾರ ಬಿಟ್ಟು ಮತ್ತೆ ಟೆಸ್ಟು, ಸ್ಕ್ಯಾನು. ತಪ್ಪಿಸಬಾರದು.”

ನಮ್ಮ ಡಾಕ್ಟರುಗಳಿಗೆ ಒಂದು ನಂಬಿಕೆಯಿದೆ. ಲ್ಯಾಟಿನ್ ಪದ ಹೇಳಿದರೆ ಪರದೆ ಎಳೆದಂತೆ, ಎದುರಿಗಿರುವವರಿಗೆ ಏನೂ ತಿಳಿಯುವುದಿಲ್ಲ ಎಂದು. ಜನ ಪೆದ್ದರಲ್ಲ. ಅರ್ಥ ತಿಳಿಯದ ಪದವನ್ನೇ ಜನ ಹೆಚ್ಚು ಗಟ್ಟಿಯಾಗಿ ಹಿಡಿದಿಟ್ಟುಕೊಳ್ಳುತ್ತಾರೆ. ನಾನು ನೀರಿನ ನಲ್ಲಿಯ ಹತ್ತಿರ ಹೋಗುವಷ್ಟರಲ್ಲಿ ನಾಗರತ್ನಮ್ಮ ಹಿಂದೆಯೇ ಬಂದರು.

“ಸಿಸ್ಟರ್, ಅದೇನೋ ಸೆಕುಂಡಿ ಅಂದ್ರಲ್ಲ, ಹಾಗಂದ್ರೆ?”

“ಆಸ್ಪತ್ರೆ ಪದ ಅಮ್ಮ. ಟ್ರೀಟ್‌ಮೆಂಟಿಗೆ ಸಂಬಂಧಪಟ್ಟಿದ್ದು.”

“ನಮ್ಮ ಹುಡುಗಿ ವಿಷ್ಯ ನಮಗೆ ಹೇಳೋದಕ್ಕೇನು?”

“ಹೇಳೋ ಹಾಗಿಲ್ಲ. ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ. ಮಗುಗೆ ಅದು ಮುಖ್ಯ.”

ಅವರು ನನ್ನನ್ನು ಒಂದು ಕ್ಷಣ ದಿಟ್ಟಿಸಿ ಹೊರಟುಹೋದರು. ಮುಂದೇನಾಯಿತೆಂದು ಅವರೇ ಆಮೇಲೆ ನನಗೆ ಹೇಳಿದರು. ಮಾರನೆಯ ದಿನ ಅಂಗಡಿಗೆ ಹೋಗಿ, ಪಕ್ಕದ ಹಳೇ ಪುಸ್ತಕದ ಅಂಗಡಿಯವನಿಂದ ಒಂದು ನರ್ಸಿಂಗ್ ಪುಸ್ತಕ ತರಿಸಿಕೊಂಡರಂತೆ. ಹಳೆಯ ಕಾಲದ ಎಸ್ಸೆಸ್ಸೆಲ್ಸಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲರು. ಪೆನ್ಸಿಲ್ ಡಬ್ಬಗಳ ನಡುವೆ ಕುಳಿತು ಪುಸ್ತಕದ ಕೊನೆಯಲ್ಲಿದ್ದ ಪದಪಟ್ಟಿಯಲ್ಲಿ ಬೆರಳಿಟ್ಟು ಹುಡುಕಿದರಂತೆ. ಸಿಕ್ಕಿತು. ಅಂದೇ ಸಂಜೆ ಛತ್ರದವರಿಗೆ ಫೋನ್ ಮಾಡಿ ಸೀಮಂತ ನಿಲ್ಲಿಸಿದರು. ಸೀಮಂತ ಚೊಚ್ಚಲ ಬಸಿರಿಗೆ ಮಾಡುವುದು ತಾನೆ. ಮೊದಲನೆಯದಕ್ಕೆ ನಮ್ಮಲ್ಲಿ ಚೊಚ್ಚಲು ಎಂಬ ಮುದ್ದು ಪದವಿದೆ, ಬಳೆಯಿದೆ, ಆರತಿಯಿದೆ. ಎರಡನೆಯದಕ್ಕೆ ಕನ್ನಡದಲ್ಲಿ ಒಂದು ಹೆಸರೂ ಇಲ್ಲ. ರೂಪಾಳನ್ನು ಒಂದು ಚೀಲದ ಸಮೇತ ತ್ಯಾಗರಾಜನಗರಕ್ಕೆ ಕಳಿಸಿಬಿಟ್ಟರು.

ಎರಡು ವಾರವಾಯಿತು, ರೂಪಾ ಬರಲಿಲ್ಲ. ಮೂರನೆಯ ವಾರವೂ ಬರಲಿಲ್ಲ. ದೊಡ್ಡ ಮೇಡಂಗೆ ಹೇಳಿದೆ. “ಬೇರೆ ಕಡೆ ತೋರಿಸ್ಕೊಳ್ತಿರ್ತಾರೆ ಬಿಡಿ” ಅಂದರು. ಕೊಟ್ಟಿದ್ದ ನಂಬರಿಗೆ ಫೋನ್ ಮಾಡಿದರೆ ಗಿರೀಶ ಎತ್ತಿದ. “ಅವಳು ತವರಲ್ಲಿದಾಳೆ ಸಿಸ್ಟರ್” ಎಂದು ಹೇಳಿ ಇಟ್ಟುಬಿಟ್ಟ. ಆ ವಾರದ ರಜೆಯ ದಿನ ನಾನು ನಡೆದುಕೊಂಡೇ ಸರೋಜಮ್ಮನವರ ಮನೆಗೆ ಹೋದೆ. ಹಾಗೆ ಹೋಗುವುದು ಆಸ್ಪತ್ರೆಯ ನಿಯಮಕ್ಕೆ ವಿರುದ್ಧ. ಹೋದದ್ದಕ್ಕೆ ನನಗೆ ಈಗಲೂ ಪಶ್ಚಾತ್ತಾಪವಿಲ್ಲ.

ಅವರೆಕಾಯಿಯ ಕಾಲ. ಸರೋಜಮ್ಮ ನಡುಮನೆಯಲ್ಲಿ ಪೇಪರ್ ಹಾಸಿಕೊಂಡು ಅವರೆಕಾಳು ಬಿಡಿಸುತ್ತಿದ್ದರು. ರೂಪಾ ಗೋಡೆಗೆ ಒರಗಿ ಕುಳಿತಿದ್ದಳು. ಮುಖ ಬಾಡಿತ್ತು. ನನ್ನನ್ನು ನೋಡಿದವಳೇ ಎದ್ದು ಒಳಗೆ ಹೋಗಲು ನೋಡಿದಳು.

“ಕೂತ್ಕೋ ರೂಪಾ. ನಿನ್ನನ್ನ ಏನೂ ಕೇಳೋಕೆ ಬಂದಿಲ್ಲ. ನಾಳೆ ದೊಡ್ಡ ಆಸ್ಪತ್ರೆಗೆ ಸ್ಕ್ಯಾನಿಂಗ್‌ಗೆ ಹೋಗ್ಬೇಕು, ಕರ್ಕೊಂಡು ಹೋಗೋಕೆ ಬಂದೆ.”

“ನಾನು ಮತ್ತೆ ಆ ಹಾಲ್‌ಗೆ ಬರಲ್ಲ ಸಿಸ್ಟರ್.”

“ಅಲ್ಲಿಗಲ್ಲ. ಮಗುಗೆ ರಕ್ತ ಕಮ್ಮಿ ಆಗ್ತಿರಬಹುದು. ಒಳಗಡೇನೇ ರಕ್ತ ಕೊಡೋ ಡಾಕ್ಟ್ರು ಇದಾರೆ. ತಡ ಮಾಡಿದ್ರೆ ಮಗು ಉಳಿಯಲ್ಲ.”

ಮಗು ಉಳಿಯುವುದಿಲ್ಲ ಎಂಬ ಮಾತು ಅವಳಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಆ ದೊಡ್ಡ ಹಾಲಿನಲ್ಲಿ, ಅಷ್ಟು ಜನರ ಮುಂದೆ, ಅವಳನ್ನು ಸುಳ್ಳುಗಾತಿ ಎಂದು ಸಾಬೀತು ಮಾಡುವುದಕ್ಕೆ ಸಮಯವಿತ್ತು. ಯಾಕೆ ಕೇಳುತ್ತಿದ್ದೇವೆ ಎಂದು ಒಂದು ಮಾತು ಹೇಳುವುದಕ್ಕೆ ಯಾರಿಗೂ ಸಮಯವಿರಲಿಲ್ಲ. ಒಳಗೆ ಹೊರಟವಳು ಬಂದು ನನ್ನ ಎದುರಿಗೆ ಕುಳಿತಳು.

“ಇದು ಎರಡನೇದೇ ಸಿಸ್ಟರ್” ಅಂದಳು.

ಸರೋಜಮ್ಮನ ಕೈ ನಿಂತಿತು.

“ಮದುವೆಗೆ ಮುಂಚೆ. ನಿಶ್ಚಿತಾರ್ಥ ಆಗಿತ್ತು. ಮದುವೆ ಮುಂದಕ್ಕೆ ಹೋಯ್ತಲ್ಲ, ಗಿರೀಶನ ಸೋದರಮಾವ ತೀರ್ಕೊಂಡ್ರು ಅಂತ, ಆಗ. ಗಿರೀಶೇ ಕರ್ಕೊಂಡು ಹೋಗಿದ್ದು, ದೂರದ ಯಾವುದೋ ಕ್ಲಿನಿಕ್‌ಗೆ. ಅಲ್ಲಿ ಬ್ಲಡ್ ಗ್ರೂಪೂ ಕೇಳ್ಲಿಲ್ಲ, ಇಂಜೆಕ್ಷನ್ನೂ ಕೊಡ್ಲಿಲ್ಲ. ಯಾರಿಗೂ ಹೇಳ್ಬೇಡ, ನಾನಿದೀನಲ್ಲ ಅಂದ.”

“ಹಾಗಾದ್ರೆ ಅತ್ತೆ ಮನೆ ಬಿಟ್ಟು ಹೋಗು ಅಂದಾಗ?” ಎಂದು ಕೇಳಿದೆ.

“ಅವನು ಅಲ್ಲೇ ಇದ್ದ.”

“ಏನೂ ಹೇಳ್ಲಿಲ್ವಾ?”

“ಅಮ್ಮಂಗೆ ಬೀಪಿ ಇದೆ, ಸ್ವಲ್ಪ ದಿನ ತಡ್ಕೋ, ನಾನು ನಿಧಾನವಾಗಿ ಹೇಳ್ತೀನಿ ಅಂದ. ಆಟೋವರೆಗೂ ಬ್ಯಾಗ್ ತಂದುಕೊಟ್ಟ.”

ಬ್ಯಾಗ್ ತಂದುಕೊಟ್ಟ ಎಂದು ಅವಳು ಹೇಳಿದ್ದು ಅವನ ಪರವಾಗಿ. ಅದೇ ನನ್ನನ್ನು ಇನ್ನಷ್ಟು ಕೆರಳಿಸಿತು. ಅವನು ಬಾಯಿ ಮುಚ್ಚಿಕೊಂಡಿದ್ದ, ಅವನ ಮರ್ಯಾದೆಗೋಸ್ಕರ ಇವಳೂ ಬಾಯಿ ಮುಚ್ಚಿಕೊಂಡಿದ್ದಳು, ಒಳಗೆ ಮಗು ದಿನದಿನಕ್ಕೆ ರಕ್ತ ಕಳೆದುಕೊಳ್ಳುತ್ತಿತ್ತು. ನಮ್ಮ ವೈದ್ಯಶಾಸ್ತ್ರ ಹೆಂಗಸಿಗೆ ಪ್ರೈಮಿ, ಸೆಕುಂಡಿ, ಟರ್ಶಿ, ಮಲ್ಟಿ ಎಂದು ಮೆಟ್ಟಿಲು ಕಟ್ಟಿ ಹೆಸರಿಟ್ಟಿದೆ. ಜೊತೆಗಿದ್ದ ಗಂಡಸಿಗೆ ಒಂದೇ ಒಂದು ಪದ ಹುಡುಕಲಿಲ್ಲ. ಅವನ ಮೈಯಲ್ಲಿ ಯಾವ ಪರೀಕ್ಷೆಯೂ ಏನನ್ನೂ ತೋರಿಸುವುದಿಲ್ಲ.

ಸರೋಜಮ್ಮ ಬೈಯುತ್ತಾರೆ ಅಂದುಕೊಂಡೆ. ಅವರು ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಪಕ್ಕದಲ್ಲಿ ಕುಳಿತರು. “ಇಷ್ಟು ದಿನ ನನಗಾದ್ರೂ ಹೇಳ್ಬಾರ್ದಿತ್ತಾ” ಎಂದರು. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಹೋಗಿ ಫೋನ್ ತೆಗೆದುಕೊಂಡು ಅವೆನ್ಯೂ ರಸ್ತೆಯ ಬೀಗಿತ್ತಿಗೆ ಮಾಡಿದರು. ಏನು ಮಾತಾಡಿದರೋ ನಾನು ಕೇಳಿಸಿಕೊಳ್ಳಲಿಲ್ಲ. ಆದರೆ ಆ ಮನೆಯಲ್ಲಿ ಆ ದಿನ ಧ್ವನಿ ಎತ್ತರಿಸಿದ್ದು ಅವರೊಬ್ಬರೇ.

ಮಾರನೆಯ ದಿನ ಸ್ಕ್ಯಾನಿಂಗ್ ಮಾಡಿದ ಡಾಕ್ಟರು ಪರದೆಯನ್ನು ಬಹಳ ಹೊತ್ತು ನೋಡಿ, “ಇಷ್ಟು ದಿನ ಎಲ್ಲಿದ್ರಿ?” ಎಂದು ಕೇಳಿದರು. ಆ ಪ್ರಶ್ನೆಯನ್ನು ನಮ್ಮ ಆಸ್ಪತ್ರೆಗೆ ಕೇಳಬೇಕಿತ್ತು, ಅವೆನ್ಯೂ ರಸ್ತೆಗೆ ಕೇಳಬೇಕಿತ್ತು. ಉತ್ತರ ಕೊಡಬೇಕಾದವಳು ಮತ್ತೆ ಮೇಜಿನ ಮೇಲೆ ಮಲಗಿದ್ದ ರೂಪಾ. ಮಗುವಿಗೆ ಹೊಟ್ಟೆಯೊಳಗೇ ರಕ್ತ ಕೊಟ್ಟರು, ಮತ್ತೊಮ್ಮೆ ಕೊಟ್ಟರು. ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಹೆಣ್ಣು ಮಗು. ಹುಟ್ಟುವಾಗಲೇ ಕಾಮಾಲೆ ಏರಿತ್ತು. ಮೈಯಲ್ಲಿದ್ದ ರಕ್ತವನ್ನೇ ತೆಗೆದು ಬೇರೆ ರಕ್ತ ತುಂಬಿದರು.

ಮಗು ಗಾಜಿನ ಪೆಟ್ಟಿಗೆಯಲ್ಲಿದ್ದಾಗ ಒಂದು ಮಧ್ಯಾಹ್ನ ನೋಡಲು ಹೋದೆ. ನಾಗರತ್ನಮ್ಮ ಸೊಸೆಗೆ ಊಟದ ಡಬ್ಬ ತಂದು ವರಾಂಡದಲ್ಲಿ ಕುಳಿತಿದ್ದರು. ಹಳೇ ಪುಸ್ತಕದ ಕಥೆಯನ್ನು ನನಗೆ ಹೇಳಿದ್ದು ಆಗಲೇ. ಹೇಳಿ, ನಿಟ್ಟುಸಿರುಬಿಟ್ಟರು.

“ಮೊದಲನೇದೂ ನಮ್ಮ ಗಿರೀಶಂದೇ ಅಂತೆ ಸಿಸ್ಟರ್. ಹೋಗ್ಲಿ ಬಿಡಿ, ಆಗಿದ್ದಾಯ್ತು. ಮೊದಲೇ ಹೇಳಿದ್ದಿದ್ರೆ ನಾನು ಯಾಕೆ ಕಳಿಸ್ತಿದ್ದೆ? ನಮ್ಮ ಮನೇದೇ ತಾನೆ.”

ನನಗೆ ತಡೆಯಲಾಗಲಿಲ್ಲ. “ಅವನದಲ್ಲದೆ ಇದ್ದಿದ್ರೆ ಏನಮ್ಮ? ಈ ಮಗು ಸತ್ತರೂ ಪರವಾಗಿಲ್ವಾ?”

“ಹಾಗಲ್ಲ ಸಿಸ್ಟರ್…”

“ಮತ್ತೆ ಹೇಗೆ? ಈ ಮಗು ಅಂತೂ ನಿಮ್ಮ ಮನೇದೇ ಅಂತ ನಿಮಗೆ ಆವತ್ತೂ ಗೊತ್ತಿತ್ತು. ಆದ್ರೂ ಡಾಕ್ಟ್ರ ಹತ್ರ ಕಳಿಸ್ಲಿಲ್ಲ.”

ಅವರು ಡಬ್ಬದ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನಗೆ ಕನಿಕರ ಹುಟ್ಟಬೇಕಿತ್ತೇನೋ. ಹುಟ್ಟಲಿಲ್ಲ. ಗಿರೀಶ ಆ ಹೊತ್ತಿಗೂ ಕೆಳಗೆ ಔಷಧಿ ತರಲು ಹೋಗಿದ್ದ. ಮಾತಾಡಬೇಕಾದ ಹೊತ್ತಿಗೆ ಅವನು ಎಲ್ಲಿಗಾದರೂ ಹೋಗಿಯೇ ಇರುತ್ತಿದ್ದ.

ನಮ್ಮ ಆಸ್ಪತ್ರೆಯಲ್ಲಿ ನನಗೆ ಮೆಮೋ ಬಂತು. ಅನುಮತಿಯಿಲ್ಲದೆ ರೋಗಿಯ ಮನೆಗೆ ಹೋಗಿ ಬೇರೆ ಆಸ್ಪತ್ರೆಗೆ ಕರೆದುಕೊಂಡು ಹೋದದ್ದಕ್ಕೆ ವಿವರಣೆ ಕೊಡಬೇಕಂತೆ. ಹಾಲಿನ ತುಂಬ ಕೇಳುವಂತೆ ಒಬ್ಬಳ ಗುಟ್ಟು ಬಿಚ್ಚಿದ್ದಕ್ಕೆ ಯಾರಿಂದಲೂ ಯಾರೂ ವಿವರಣೆ ಕೇಳಲಿಲ್ಲ. ಮೆಮೋ ಹಿಡಿದುಕೊಂಡು ದೊಡ್ಡ ಮೇಡಂ ಹತ್ತಿರ ಹೋದೆ.

“ಅವಳು ನಿಜ ಹೇಳಿದ್ದಿದ್ರೆ ಇಷ್ಟೆಲ್ಲ ಆಗ್ತಾನೇ ಇರಲಿಲ್ಲ ಸಿಸ್ಟರ್” ಅಂದರು.

“ಎಲ್ಲಿ ಹೇಳ್ಬೇಕಿತ್ತು ಮೇಡಂ? ಜಾಗ ತೋರಿಸಿ.”

ಅವರು ಸಿಟ್ಟಿನಿಂದ ನನ್ನನ್ನು ನೋಡಿದರು. ಆಮೇಲೆ ಹಾಲಿನ ಕಡೆ ನೋಡಿದರು. ಮೇಜುಗಳು, ಬೆಂಚು, ಅದರ ಹಿಂದೆ ನಿಂತ ಜನ. ತಪ್ಪಾಯಿತು ಎನ್ನಲಿಲ್ಲ. ಎನ್ನುವ ಪೈಕಿಯೇ ಅಲ್ಲ ಅವರು. ಆದರೆ ಮುಂದಿನ ವಾರ ಮೂಲೆಯಲ್ಲಿದ್ದ ಸಾಮಾನಿನ ಕೋಣೆ ಖಾಲಿ ಮಾಡಿಸಿದರು. ಹೊಸ ಬಸುರಿಯರನ್ನು ಒಬ್ಬೊಬ್ಬರನ್ನಾಗಿ ಅಲ್ಲಿ ಕೂರಿಸಿ ಕೇಳಬೇಕು, ಜೊತೆಗೆ ಯಾರೂ ಇರಕೂಡದು ಎಂದು ಬರೆದು ಸಹಿ ಹಾಕಿದರು. ನನ್ನ ಮೆಮೋ ಏನಾಯಿತೋ ಗೊತ್ತಿಲ್ಲ, ಯಾರೂ ಮತ್ತೆ ಕೇಳಲಿಲ್ಲ.

ಆ ಕೋಣೆಯಲ್ಲಿ ನಾನು ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ಇಷ್ಟು ಹೇಳುತ್ತೇನೆ: ಬಾಗಿಲಿದ್ದಾಗ ಹೆಂಗಸರು ನಿಜ ಹೇಳುತ್ತಾರೆ. ಪ್ರಶ್ನೆಯನ್ನು ಕೇಳುವ ಮೊದಲು ಯಾಕೆ ಕೇಳುತ್ತಿದ್ದೇವೆ ಎಂದು ಹೇಳಿ. ನಿಲ್ಲದೆ ಹೋದದ್ದನ್ನೂ, ತೆಗೆಸಿದ್ದನ್ನೂ ಸೇರಿಸಿ ಹೇಳಬೇಕೆಂದು ಬಿಡಿಸಿ ಹೇಳಿ. ಬರೆದುಕೊಂಡದ್ದನ್ನು ಗಟ್ಟಿಯಾಗಿ ಓದಬೇಡಿ. ‘ಜಿ ಟೂ ಬನ್ನಿ, ಜಿ ತ್ರೀ ಕೂತ್ಕೊಳ್ಳಿ’ ಎಂದು ಕರೆಯಬೇಡಿ. ಅವರಿಗೆ ಹೆಸರಿದೆ. ಅತ್ತೆ ಬಂದು ಕೇಳಿದರೆ ಹೇಳಬೇಡಿ, ತಾಯಿ ಕೇಳಿದರೂ ಹೇಳಬೇಡಿ. ಅವರು ನಿಮ್ಮ ಮೇಲೆ ರೇಗುತ್ತಾರೆ, ಆಡಳಿತದವರಿಗೆ ದೂರು ಕೊಡುತ್ತಾರೆ. ಕೊಡಲಿ.

ಇಷ್ಟು ಮಾಡಿಯೂ ಅದು ಉಳಿಯಲಿಲ್ಲ. ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಕಂಪ್ಯೂಟರ್ ಬಂತು. ಹೆಸರು ಬರೆಸುವ ಕೆಲಸ ನರ್ಸುಗಳ ಕೈ ತಪ್ಪಿ, ಮುಂಬಾಗಿಲಲ್ಲಿ ಗಾಜು ಹಾಕಿದ ಕೌಂಟರಿಗೆ ಹೋಯಿತು. ಹೆಸರು, ವಯಸ್ಸು, ಊರು, ಫೋನ್ ನಂಬರ್, ಎಷ್ಟನೆಯ ಬಸಿರು. ಇದಿಷ್ಟನ್ನೂ ತುಂಬದಿದ್ದರೆ ಯಂತ್ರ ಮುಂದಕ್ಕೆ ಹೋಗುವುದಿಲ್ಲವಂತೆ. ದೊಡ್ಡ ಮೇಡಂ ಅಷ್ಟರಲ್ಲಿ ಬಿಟ್ಟುಹೋಗಿದ್ದರು. ಹೊಸ ಆಡಳಿತಾಧಿಕಾರಿಯ ಹತ್ತಿರ ನಾಲ್ಕಾರು ಸಲ ಹೋಗಿ, ಆ ಒಂದು ಪ್ರಶ್ನೆಯನ್ನು ಕೌಂಟರಿನಿಂದ ತೆಗೆಸಿ ಎಂದು ಬೇಡಿಕೊಂಡೆ. “ಸಾಫ್ಟ್‌ವೇರ್ ಹಾಗೇ ಇದೆ ಸಿಸ್ಟರ್, ಕಂಪನಿಯವರೇ ಬರ್ಬೇಕು” ಎಂದರು. ಕಂಪನಿಯವರು ಬರಲೇ ಇಲ್ಲ. ಸಾಮಾನಿನ ಕೋಣೆಯಲ್ಲಿ ಮತ್ತೆ ಸಾಮಾನು ತುಂಬಿತು.

ಆ ಕೌಂಟರಿನ ಮುಂದೆ ಒಂದು ಬೆಳಿಗ್ಗೆ ರೂಪಾಳನ್ನು ನೋಡಿದೆ. ಮತ್ತೆ ಬಸುರಿ. ಜೊತೆಗೆ ನಾಗರತ್ನಮ್ಮ, ಗಿರೀಶ, ಯೂನಿಫಾರ್ಮ್ ಹಾಕಿದ ಮಗಳು. ಮಗುವಿಗೆ ಎರಡೂ ಕಿವಿಯ ಹಿಂದೆ ಯಂತ್ರ. ಆ ಕಾಮಾಲೆ ಹೋಗುವಾಗ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಸದ್ದಿಲ್ಲದ ಜಾಗದಲ್ಲಿ, ಮುಖ ನೋಡಿಕೊಂಡು ಹೇಳಿದರೆ ಅವಳಿಗೆ ಮಾತು ತಿಳಿಯುತ್ತದೆ ಎಂದು ರೂಪಾ ಹೇಳಿದ್ದಳು. ತಡವಾದ ಆ ಕೆಲವು ವಾರಗಳು ತಡವಾಗದಿದ್ದರೆ ಮಗುವಿನ ಕಿವಿ ಉಳಿಯುತ್ತಿತ್ತೇ? ಉಳಿಯುತ್ತಿತ್ತು ಎಂದು ಯಾವ ಡಾಕ್ಟರೂ ಬರೆದುಕೊಡಲಿಲ್ಲ, ಉಳಿಯುತ್ತಿ‌ರಲಿಲ್ಲ ಎಂದೂ ಯಾರೂ ಹೇಳಲಿಲ್ಲ.

ಹಾಲ್ ತುಂಬಿತ್ತು. ಗಾಜಿನ ಹಿಂದಿನ ಹುಡುಗಿ ಕಂಪ್ಯೂಟರ್ ಮೇಲಿನ ಕಣ್ಣು ತೆಗೆಯದೆ, ರಂಧ್ರದಿಂದ ಹೊರಗೆ ಕೇಳಲೆಂದು ಗಟ್ಟಿಯಾಗಿ ಕೇಳಿದಳು: “ಎಷ್ಟನೇ ಪ್ರೆಗ್ನೆನ್ಸಿ ಮೇಡಂ?”

ರೂಪಾ ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ನಾಗರತ್ನಮ್ಮ ಒಬ್ಬ ಪರಿಚಯದ ಹೆಂಗಸಿನ ಜೊತೆ ಮಾತಾಡುತ್ತಿದ್ದವರು ಅರ್ಧದಲ್ಲೇ ನಿಲ್ಲಿಸಿದರು. ಆ ಹೆಂಗಸು ಅವರ ಬೀದಿಯವಳೇ ಇರಬೇಕು. ನಾನು ಆ ಕಡೆಗೆ ಹೊರಟೆ. ನಾನು ತಲುಪುವ ಮೊದಲೇ ಗಿರೀಶ ಹೆಂಡತಿಯನ್ನು ದಾಟಿ ಮುಂದೆ ಬಂದು, ಗಾಜಿನ ರಂಧ್ರಕ್ಕೆ ಬಗ್ಗಿದ.

“ಮೂರನೇದು” ಅಂದ. “ನಮ್ಮಿಬ್ಬರಿಗೂ ಮೂರನೇದು. ಮೊದಲನೇದು ಉಳಿಸ್ಕೊಳ್ಲಿಲ್ಲ.”

ಬೀದಿಯ ಹೆಂಗಸು ನಾಗರತ್ನಮ್ಮನ ಮುಖ ನೋಡಿದಳು. ನಾಗರತ್ನಮ್ಮ ಸೊಸೆಯ ಕೈಯಿಂದ ಚೀಲ ತೆಗೆದುಕೊಂಡು ತಮ್ಮ ಹೆಗಲಿಗೆ ಹಾಕಿಕೊಂಡರು. ರೂಪಾ ಗಂಡನ ಬೆನ್ನನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಏನಿತ್ತೆಂದು ನಾನು ಹೇಳಲಾರೆ.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಂದೇ ಒಂದು ಮಾತು. ಅದನ್ನು ಹೇಳಲು ಇವನು ಇಷ್ಟು ವರ್ಷ ತೆಗೆದುಕೊಂಡ. ಹೇಳಿದಾಗ ಆಕಾಶವೇನೂ ಬೀಳಲಿಲ್ಲ, ಅವನ ತಾಯಿಯ ಬೀಪಿಯೂ ಏರಲಿಲ್ಲ. ಕೌಂಟರಿನ ಹುಡುಗಿ ತಲೆ ಕೂಡ ಎತ್ತದೆ ಟೈಪ್ ಮಾಡಿ, “ಮುಂದೆ ಹೋಗಿ” ಅಂದಳು.

ಮಗಳಿಗೆ ಅಪ್ಪ ಏನೋ ಹೇಳಿದನೆಂದು ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಅವನ ಮುಖ ಗಾಜಿನ ಕಡೆಗಿತ್ತು, ಸುತ್ತ ಗದ್ದಲವಿತ್ತು. ಅವಳು ಅವನ ಅಂಗಿ ಹಿಡಿದು ಎಳೆದಳು.

“ಏನಂದೆ ಅಪ್ಪ?”

ಅವನು ಹಾಲ್ ಮಧ್ಯದಲ್ಲಿಯೇ ಮಂಡಿಯೂರಿ ಕುಳಿತ. ಅವಳ ಎದುರಿಗೆ ಮುಖ ತಂದು, ತುಟಿ ಕಾಣುವಂತೆ ನಿಧಾನವಾಗಿ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ, ಕೌಂಟರಿನಲ್ಲಿ ಹೇಳಿದ್ದನ್ನೇ ಮೊದಲಿನಿಂದ ಹೇಳಿದ.